ಪಂಚಮಿಗೆ ಬಂದ ಗಂಡು

ಗಾಜಿನ ಪಟ್ಟಿಯ ಮೇಲೆ ಬಿದ್ದಿದ್ದ ಕಣಜಗಳೆಲ್ಲ ಗಂಡು. ತರನ್ನುಮ ಪಟ್ಟಿ ಬದಲಿಸಿದಳು. ಅದರಲ್ಲೂ ಗಂಡೇ. ಮೂಲೆಯ ಕಪಾಟಿನ ಬರಣಿಯಿಂದ ಒಂದಿಷ್ಟು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಹೆಣ್ಣಾದರೆ ಕುಡಿಮೀಸೆಯ ತುದಿ ಗುಂಡಗಿರಬೇಕು, ಗಂಡಾದರೆ ಮೀಸೆಯ ತುಂಬ ಕೂದಲು. ಎಲ್ಲಿ ನೋಡಿದರೂ ಕೂದಲು. ಗಂಡು ಬೇಕು ಗಂಡು ಬೇಕು ಎಂದು ಗುಡಿ ದರ್ಗಾ ಸುತ್ತಿ ಹರಕೆ ಹೊರುವ ಮಹಾಶಯರೆಲ್ಲ ಅವತ್ತು ವಿಜಯಪುರದ ಜಲನಗರದ ಆ ಮಾಳಿಗೆಗೆ ಬಂದು ಒಮ್ಮೆ ಇಣುಕಬೇಕಿತ್ತು. ಬರೀ ಗಂಡೇ ಹುಟ್ಟಿದರೆ ಒಂದು ಮನೆತನ ಹೇಗೆ ಮುಗಿಯುತ್ತದೆ ಎಂಬುದನ್ನು ಕಣ್ಣಾರೆ ಕಂಡು ಹೋಗುತ್ತಿದ್ದರು.

ತರನ್ನುಮ ಸಾಕುತ್ತಿದ್ದ ಕಣಜ ಗಸಗಸೆ ಕಾಳಿಗಿಂತ ಸಣ್ಣದು. ಕಚ್ಚುವುದಿಲ್ಲ, ಗುಂಯ್‌ಗುಡುವುದಿಲ್ಲ. ಕೀಡಿಯ, ಅಂದರೆ ಬೆಳೆ ತಿನ್ನುವ ಹುಳುವಿನ, ತತ್ತಿಯೊಳಗೆ ತನ್ನ ತತ್ತಿ ಇಡುತ್ತದೆ, ಅಷ್ಟೇ ಅದರ ಉದ್ಯೋಗ. ಕೀಡಿ ಹುಟ್ಟುವ ಮೊದಲೇ ಸಾಯುತ್ತದೆ, ಆ ತತ್ತಿಯಿಂದ ಕಣಜ ಹೊರಬರುತ್ತದೆ. ಮನೆಯಲ್ಲಿ ಇವನ್ನು ಸಾಕಲು ಜೋಳದ ನುಚ್ಚಿನಲ್ಲಿ ಬೆಳೆಯುವ ಪತಂಗದ ತತ್ತಿ ಬೇಕು. ಆ ತತ್ತಿಗಳನ್ನು ಅಂಗೈಯಗಲದ ಕಾರ್ಡಿಗೆ ಗೋಂದಿನಿಂದ ಅಂಟಿಸಿ ಬರಣಿಯಲ್ಲಿಟ್ಟರೆ ಹೆಣ್ಣು ಕಣಜಗಳು ಬಂದು ಕೂರುತ್ತವೆ. ಕೆಲವು ದಿನಕ್ಕೆ ತತ್ತಿ ಕಪ್ಪಾಗುತ್ತದೆ. ಕಪ್ಪಾದ ಕಾರ್ಡನ್ನು ರೈತರು ಒಯ್ದು ಗಿಡಕ್ಕೆ ಕಟ್ಟುತ್ತಾರೆ.

ಇಂಥ ಕಾರ್ಡು ಮಾಡುವವರು ನಾಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ತೊಗರಿಗೆ ಬರುವ ಕಣಜ ತರನ್ನುಮಳ ಹತ್ತಿರ ಮಾತ್ರ ಇತ್ತು. ತೊಗರಿಯ ಮೊಗ್ಗು, ಕಾಯಿಯ ಮೇಲೆ ಅಂಟಂಟಾದ ನವಿರು ಕೂದಲಿರುತ್ತದೆ. ಬೇರೆಯವರ ಕಣಜ ಅದರ ಮೇಲೆ ಕಾಲಿಟ್ಟರೆ ಅಲ್ಲೇ ಸಿಕ್ಕು ಸಾಯುತ್ತದೆ. ಸಾಯದೆ ನಡೆದುಹೋದ ಒಂದೋ ಎರಡೋ ಕಣಜಗಳ ಮಕ್ಕಳನ್ನು, ಅವುಗಳಲ್ಲಿ ಮತ್ತೆ ನಡೆದವುಗಳ ಮಕ್ಕಳನ್ನು, ಹೀಗೆ ಆರಿಸಿ ಆರಿಸಿ ಅವಳು ಹತ್ತು ವರ್ಷಕ್ಕೂ ಮಿಕ್ಕಿ ದುಡಿದು ಆ ತಳಿಯನ್ನು ಕಟ್ಟಿದ್ದಳು. ಯಾಕೆ ಕಟ್ಟಿದಳು ಎಂದರೆ ಅವಳ ಗಂಡ ಸಾದಿಕ ಎಣ್ಣೆ ಹೊಡೆಯುವವನು. ಈ ಕಡೆ ಎಣ್ಣೆ ಎಂದರೆ ಕೀಡಿಗೆ ಹೊಡೆಯುವ ವಿಷ. ತಿಕೋಟಾದ ಹುಡುಗ, ಬೆನ್ನಿಗೆ ಪಂಪು ಹಾಕಿಕೊಂಡು ಊರೂರು ತಿರುಗುತ್ತಿದ್ದ. ಒಂದು ವರ್ಷ ನಿಡೋಣಿಯ ಸಕ್ರವ್ವ, ಅಮೋಘಿ ದಂಪತಿಯ ತೊಗರಿ ಹೊಲದಲ್ಲಿ ಪಂಪು ಬೆನ್ನಿಗಿದ್ದಂತೆಯೇ ಕುಸಿದುಬಿದ್ದ. ಮತ್ತೆ ಏಳಲಿಲ್ಲ. ತರನ್ನುಮ ವಿಜಯಪುರಕ್ಕೆ ಅಪ್ಪ ಕಾಸಿಮಸಾಬನ ಮನೆಗೆ ಬಂದಳು, ಕಾಲೇಜಿನಲ್ಲಿ ಓದಿದ್ದ ಜೀವಶಾಸ್ತ್ರವನ್ನು ನೆನಪಿಸಿಕೊಂಡು ಮಾಳಿಗೆಯಲ್ಲಿ ಬರಣಿ ಜೋಡಿಸಿದಳು. ಅವಳ ಕಣಜಕ್ಕೆ ಮೊದಲು ಹೊಲ ಕೊಟ್ಟವಳು ಸಕ್ರವ್ವ. ಅಂದಿನಿಂದ ಆ ಹೊಲದಲ್ಲಿ ಯಾರ ಬೆನ್ನಿಗೂ ಪಂಪು ಏರಿರಲಿಲ್ಲ.

ಸಕ್ರವ್ವನೇ ಒಂದು ರೂಢಿಯನ್ನೂ ಹಾಕಿದ್ದಳು. ಬರಣಿಯಲ್ಲೇ ತಲೆಮಾರು ಕಳೆದರೆ ಕಣಜ ಬಡವಾಗುತ್ತದೆ, ಆಗಾಗ ಹೊಲದ ಹೊಸ ರಕ್ತ ಬೇಕು ಎಂದು ತರನ್ನುಮ ಹೇಳಿದಾಗ ಸಕ್ರವ್ವ ನಕ್ಕು, ಹಂಗಾರ ಪಂಚಮಿಗೆ ಕರಕೊಂಡ ಹೋಗವ್ವಾ, ಕೊಟ್ಟ ಹೆಣ್ಮಕ್ಕಳು ತವರಿಗೆ ಬರೂದು ಪಂಚಮಿಗೇ ಅಲ್ಲ ಎಂದಿದ್ದಳು. ಅಂದಿನಿಂದ ಪ್ರತಿ ನಾಗರಪಂಚಮಿಯ ಹೊತ್ತಿಗೆ ತರನ್ನುಮ ನಿಡೋಣಿಗೆ ಹೋಗುವಳು. ತೊಗರಿಯ ಸಾಲಿನ ನಡುವೆ ಬಿತ್ತಿದ ಹೆಸರುಕಾಳಿನ ಗಿಡಗಳಿಂದ ಕಪ್ಪು ತತ್ತಿ ಇರುವ ಎಲೆಗಳನ್ನು ಆರಿಸಿ ತರುವಳು. ಸಕ್ರವ್ವ ಅವಳ ಕೈಗೆ ಅರಳು, ಉಂಡೆ ಕೊಟ್ಟು ಕಳಿಸುವಳು. ಎಲೆಯಿಂದ ಹೊರಬಂದ ಕಣಜಗಳನ್ನು ಸ್ವಲ್ಪ ದಿನ ಬೇರೆ ಇಟ್ಟು, ರೋಗವಿಲ್ಲ ಎಂದು ಖಾತ್ರಿಯಾದ ಮೇಲೆ ಮನೆಯವುಗಳ ಜೊತೆ ಬೆರೆಸುವಳು. ಈ ಸಲವೂ ಹಾಗೇ ಮಾಡಿದ್ದಳು.

ದಸರೆಯ ಸುಮಾರಿಗೆ ಒಂದು ಬರಣಿಯಲ್ಲಿ ಗಂಡು ಹೆಚ್ಚಾದವು. ಇದು ಈ ಕೆಲಸದವರಿಗೆಲ್ಲ ಗೊತ್ತಿರುವ ಪೀಡೆ. ಕಣಜದ ಲೋಕದ ಲೆಕ್ಕವೇ ಬೇರೆ. ತಾಯಿ ಗಂಡನ್ನು ಕೂಡದೆ ತತ್ತಿ ಇಟ್ಟರೆ ಗಂಡು ಹುಟ್ಟುತ್ತದೆ, ಕೂಡಿ ಇಟ್ಟರೆ ಹೆಣ್ಣು. ಅಂದರೆ ಗಂಡುಮಗನಿಗೆ ಅಪ್ಪನೇ ಇಲ್ಲ. ಆದ್ದರಿಂದ ಬರಣಿಯಲ್ಲಿ ಗಂಡು ಹೆಚ್ಚಾದರೆ ತಾಯಂದಿರಿಗೆ ಗಂಡು ಸಾಕಾಗಿಲ್ಲ ಎಂದು ಅರ್ಥ, ಬೇರೆ ಬರಣಿಯಿಂದ ಗಂಡು ತಂದು ಬಿಡುವುದು ಮದ್ದು. ತರನ್ನುಮ ಬಿಟ್ಟಳು. ಮುಂದಿನ ತಲೆಮಾರಿನಲ್ಲಿ ಗಂಡು ಇನ್ನೂ ಹೆಚ್ಚಾದವು. ಇನ್ನಷ್ಟು ಬಿಟ್ಟಳು. ತಿಕೋಟಾದಲ್ಲಿ ಮೈದುನ ಅಯೂಬನ ಒಣದ್ರಾಕ್ಷಿ ಶೆಡ್ಡಿನಲ್ಲಿ, ಇಲ್ಲಿ ಏನಾದರೂ ಹಾಳಾದರೆ ಇರಲಿ ಎಂದು ಇದೇ ತಳಿಯ ಕೆಲವು ಬರಣಿ ಇಟ್ಟಿದ್ದಳು. ಅಲ್ಲಿಯೂ ತಾಯಂದಿರು ಬರಿದಾಗಿ ಕೂತಾರು ಎಂಬ ದಿಗಿಲಿಗೆ ಬಸ್ಸಿನಲ್ಲಿ ಗಂಡು ಕಳಿಸಿಕೊಟ್ಟಳು. ಅಯೂಬ ಪಾಪ, ಅತ್ತಿಗೆ ಹೇಳಿದಂತೆ ಒಂದೊಂದು ಬರಣಿಗೂ ಹಂಚಿ ಹಾಕಿದ. ದೀಪಾವಳಿ ಕಳೆಯುವಷ್ಟರಲ್ಲಿ ಎರಡೂ ಕಡೆ ಹೆಣ್ಣು ಹುಡುಕಿದರೂ ಸಿಗದಂತಾಯಿತು.

ಅವಳು ಬರಣಿಯೊಂದನ್ನು ಎತ್ತಿಕೊಂಡು ಗೆಳತಿ ಸುಧಾರಾಣಿಯ ಬಳಿ ಓಡಿದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ಸುಧಾರಾಣಿ ಈಗ ಪ್ರಾಣಿಶಾಸ್ತ್ರ ಕಲಿಸುತ್ತಾಳೆ, ಜೀವಕೋಶದೊಳಗಿನ ವರ್ಣತಂತು ನೋಡುವುದೆಂದರೆ ಅವಳಿಗೆ ಊಟ ಬೇಡ. ಗಂಡು ಕಣಜದ ಮರಿಯನ್ನು ಗಾಜಿನ ನಡುವೆ ಹಿಚುಕಿ, ಬಣ್ಣ ಹಾಕಿ ಬಹಳ ಹೊತ್ತು ನೋಡಿದಳು. ಆಮೇಲೆ ಕುರ್ಚಿ ಬಿಟ್ಟು ಎದ್ದಳು.

“ಗಂಡಿನಾಗ ಐದ ಇರಬೇಕಲ್ಲ? ಆರ ಅದಾವ, ನೀನ ನೋಡು.”

ತರನ್ನುಮ ಬಗ್ಗಿ ನೋಡಿದಳು. ಐದು ತಂತುಗಳ ಪಕ್ಕದಲ್ಲಿ ಆರನೆಯದೊಂದು ಚಿಕ್ಕ ಚೂರು, ತಾನೂ ಮನೆಯವನೇ ಎನ್ನುವಂತೆ ಕೂತಿತ್ತು.

ಸುಧಾರಾಣಿ ವಿವರಿಸಿದಳು. ಇಂಥ ಹೆಚ್ಚುವರಿ ತಂತು ಮಿಡತೆಯಲ್ಲಿದೆ, ಮೀನಿನಲ್ಲಿದೆ, ಇಲಿ, ನರಿಗಳಲ್ಲೂ ಇದೆ. ಒಂದೇ ಜಾತಿಯಲ್ಲಿ ಕೆಲವು ಪ್ರಾಣಿಗಳಿಗೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ, ಇಲ್ಲದವು ಚೆನ್ನಾಗಿಯೇ ಬದುಕುತ್ತವೆ. ಅದು ಹುಟ್ಟುವುದೇ ಉಳಿದ ತಂತುಗಳಿಂದ ಮುರಿದು ಬಿದ್ದ ಚೂರುಪಾರುಗಳಿಂದ. ಹತ್ತಿರದ ಇನ್ನೊಂದು ಜಾತಿಯ ಜೊತೆ ಕೂಡಿಕೆಯಾದಾಗ ಅಲ್ಲಿಂದ ಬಂದು ಸೇರಿಕೊಂಡದ್ದೂ ಉಂಟು. ಒಳಗೆ ಬಹುಪಾಲು ಒಂದೇ ಬರಹ ಮತ್ತೆ ಮತ್ತೆ ಬರೆದಂತೆ ಇರುತ್ತದೆ, ನಡುವೆ ಅಲ್ಲೊಂದು ಇಲ್ಲೊಂದು ವಂಶವಾಹಿ. ಮೈಗೆ ಉಪಯೋಗವಿಲ್ಲದಿದ್ದರೂ ಅದು ಅಳಿಯುವುದಿಲ್ಲ, ಯಾಕೆಂದರೆ ಮುಂದಿನ ತಲೆಮಾರಿಗೆ ದಾಟುವಾಗ ತನ್ನ ಪಾಲಿಗಿಂತ ಹೆಚ್ಚು ಕಸಿಯುವ ಮೋಸ ಕಲಿತಿರುತ್ತದೆ. ಹೆಚ್ಚಿನವು ತೆಪ್ಪಗೆ ಕೂತು ಉಣ್ಣುತ್ತವೆ. ಕಣಜಗಳಲ್ಲಿ ಮಾತ್ರ ಒಂದು ಹಲ್ಕಟ್ ಬಗೆ ಇದೆ.

“ಗಂಡಿನ ವೀರ್ಯದಾಗ ಕೂತ ತತ್ತಿಯೊಳಗ ಹೊಕ್ಕತೈತಿ. ಹೊಕ್ಕಿಂದ ಅಪ್ಪನ ಐದೂ ತಂತು ಮುದ್ದಿ ಮಾಡಿ ಕೊಲ್ಲತೈತಿ, ತಾನೊಂದ ಉಳಿತೈತಿ. ಮಗಳಾಗಬೇಕಾದ ತತ್ತಿಗೆ ತಾಯಿದಷ್ಟ ಉಳಿದ ಮ್ಯಾಲ ಅದು ಮಗನ ಆಗೂದು. ಆ ಮಗನ ಹೊಟ್ಟ್ಯಾಗ ಮತ್ತ ಇದ.”

ತನ್ನನ್ನು ಹೊತ್ತು ತಂದ ಅಪ್ಪನನ್ನೇ ಅಳಿಸಿ, ಹುಟ್ಟಬೇಕಿದ್ದ ಮಗಳನ್ನು ಮಗನನ್ನಾಗಿ ಮಾಡಿ, ಆ ಮಗನ ಹೆಗಲೇರಿ ಮುಂದಕ್ಕೆ ಹೋಗುವ ಪಿಶಾಚಿ ಅದು. ಪಂಚಮಿಯ ಎಲೆಗಳಲ್ಲಿ ಅಂಥ ಗಂಡೊಂದು ಬಂದಿರಬೇಕು. ಬಂದದ್ದು ಒಂದೇ ಬರಣಿಗೆ. ಅದನ್ನು ಎಲ್ಲ ಬರಣಿಗೂ ಹಂಚಿದವರು ಯಾರು? ತಿಕೋಟಾಕ್ಕೆ ಬಸ್ಸು ಹತ್ತಿಸಿದವರು ಯಾರು? ತರನ್ನುಮ ನೆಲದ ಮೇಲೆ ಕೂತುಬಿಟ್ಟಳು. ಮದ್ದು ಎಂದು ತಾನೇ ಕೈಯಾರೆ ವಿಷ ಹಾಕಿದೆ, ಸಾದಿಕನಿಗೆ ಏನು ಹೇಳಲಿ ಎಂದು ಅತ್ತಳು. ಸುಧಾರಾಣಿ ಪಕ್ಕದಲ್ಲಿ ಕೂತಳು.

ತರನ್ನುಮ ಮೂಗು ಒರೆಸಿಕೊಂಡು ಕೇಳಿದಳು. “ಇದ ಹೆಣ್ಣಿನಾಗ ಇರೂದಿಲ್ಲ ಹೌದಿಲ್ಲೋ?”

ಇರುವುದಿಲ್ಲ ಎಂದಳು ಸುಧಾರಾಣಿ. ಇದು ಹೊಕ್ಕ ತತ್ತಿ ಹೆಣ್ಣಾಗುವುದೇ ಇಲ್ಲ, ಹಾಗಾಗಿ ಹೆಣ್ಣಾಗಿ ಹುಟ್ಟಿದ್ದೆಲ್ಲ ಶುದ್ಧ. ಆ ಚೂರು ಇಲ್ಲದ ಗಂಡು ಅಲ್ಲೊಂದು ಇಲ್ಲೊಂದು ಉಳಿದದ್ದರಿಂದ ಅವಳ ಬರಣಿಗಳಲ್ಲಿ ಸಾವಿರಕ್ಕೊಂದಾದರೂ ಹೆಣ್ಣು ಇನ್ನೂ ಹುಟ್ಟುತ್ತಿತ್ತು. ತೊಂದರೆಯೆಂದರೆ ತತ್ತಿಯಿಂದ ಹೊರಬರುವಾಗಲೇ ಬಾಗಿಲಲ್ಲಿ ಗಂಡುಗಳು ಕಾಯುತ್ತಿರುತ್ತವೆ. ಅವು ಮುಟ್ಟುವ ಮೊದಲು ಒಂದು ಹೆಣ್ಣು ಸಿಕ್ಕರೆ, ಅದು ಗಂಡಿಲ್ಲದೆ ತತ್ತಿ ಇಡುತ್ತದೆ. ಅಪ್ಪನಿಲ್ಲದ ಆ ಗಂಡುಮಕ್ಕಳು ಶುದ್ಧ. ಆ ಗಂಡು ಹುಟ್ಟಿ ಬರುವವರೆಗೆ ತಾಯಿ ಬದುಕಿರಬೇಕು. ಆಮೇಲೆ ತಾಯಿಗೆ ಮಗನನ್ನೇ ಕೂಡಿಸಬೇಕು. ಆಗ ಮಾತ್ರ ಮಗಳು.

ಮಾಳಿಗೆಗೆ ಮರಳಿದ ತರನ್ನುಮ ಎರಡೂ ಕಡೆಯ ಕಪ್ಪು ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿದಳು. ಒಂದೊಂದು ತತ್ತಿಯನ್ನೂ ಬಿಡಿಸಿ ಒಂದೊಂದು ಖಾಲಿ ಮಾತ್ರೆಯ ಕ್ಯಾಪ್ಸೂಲಿನಲ್ಲಿ ಹಾಕಬೇಕು, ಪ್ರತಿ ಕಣಜವೂ ಒಂಟಿಯಾಗಿ ಹುಟ್ಟಬೇಕು. ಕಾಸಿಮಸಾಬ ಗಾಂಧಿ ಚೌಕದ ಬಳಿ ಬಹಳ ವರ್ಷ ಗಡಿಯಾರ ರಿಪೇರಿ ಮಾಡಿದವನು. ಮಗಳ ಮುಖ ನೋಡಿ ಹಳೆಯ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡ, ಚಿಮಟ ಹಿಡಿದು ಪಕ್ಕದಲ್ಲಿ ಕೂತ. ಫ್ಯಾನು ಹಾಕುವಂತಿಲ್ಲ, ಜೋರಾಗಿ ಉಸಿರು ಬಿಡುವಂತಿಲ್ಲ. ಅಪ್ಪ ಮಗಳು ಊಟವನ್ನೂ ಅಲ್ಲೇ ಸರದಿಯಲ್ಲಿ ಮಾಡಿದರು.

ಇಷ್ಟು ಸಾಲದು. ಉಳಿದ ಬರಣಿಗಳನ್ನು ಮುಗಿಸಬೇಕಿತ್ತು. ಒಂದೇ ಒಂದು ಗಂಡು ಎಲ್ಲಿಂದಲೋ ನುಸುಳಿ ಆ ಕ್ಯಾಪ್ಸೂಲಿನವರೆಗೆ ಬಂದರೆ ಮತ್ತೆ ಮೊದಲಿನಿಂದ ಹಾಳು. ಹೆಣ್ಣು ಸಿಗುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ ಇರುವುದನ್ನೆಲ್ಲ ಕೊಲ್ಲಬೇಕು. ಸುಧಾರಾಣಿ ಮೊದಲ ಸಲ ಬೇಡಿಕೊಂಡಳು. ಈ ಕಡೆ ಇದನ್ನು ಯಾರೂ ಕಂಡಿಲ್ಲ, ಒಂದು ಬರಣಿ ಜೀವಂತ ಬಿಡು, ಆ ಆರನೆಯ ತಂತುವಿನಲ್ಲಿ ಏನಿದೆ, ಎಲ್ಲಿಂದ ಬಂತು ಎಂದು ನೋಡುತ್ತೇನೆ ಎಂದಳು. ಅವಳದೂ ತಪ್ಪಲ್ಲ, ಅವಳ ಕಣ್ಣಿಗೆ ಅದು ಜೀವಮಾನಕ್ಕೊಮ್ಮೆ ಸಿಗುವಂಥದ್ದು. ಆದರೆ ಆ ಗಂಡುಗಳನ್ನು ಸಾಕಬೇಕೆಂದರೆ ತಲೆಮಾರಿಗೊಮ್ಮೆ ಅವಕ್ಕೆ ಶುದ್ಧ ಹೆಣ್ಣು ಕೊಡಬೇಕು. ಎಲ್ಲಿಂದ ತರುವುದು? ಸತ್ತವನ್ನು ಸ್ಪಿರಿಟ್ಟಿನಲ್ಲಿ ಹಾಕಿಕೊಡುತ್ತೇನೆ, ಜೀವಂತ ಒಂದೂ ಕೊಡುವುದಿಲ್ಲ ಎಂದು ತರನ್ನುಮ ಹೇಳಿದಳು. ಸುಧಾರಾಣಿ ಅದನ್ನೇ ಒಪ್ಪಿಕೊಂಡಳು.

ಬಚ್ಚಲಿನ ಹಂಡೆಯಲ್ಲಿ ನೀರು ಕುದಿಸಿ ತರನ್ನುಮ ಒಂದೊಂದೇ ಬರಣಿ ಮುಳುಗಿಸಿದಳು. ತಿಕೋಟಾದಲ್ಲಿ ಅಯೂಬ, ದ್ರಾಕ್ಷಿಗೆ ಗಂಧಕದ ಹೊಗೆ ಕೊಡುವ ಕೋಣೆಯಲ್ಲಿ ತನ್ನವನ್ನು ಇಟ್ಟು ಬಾಗಿಲು ಹಾಕಿದ. ಫೋನಿನಲ್ಲಿ ಅವನು ಹೇಳಿದ್ದು ಒಂದೇ ಮಾತು, “ಭಾಬಿ, ಅಣ್ಣ ಹೋದಾಗ ಹಿಂಗ ಆಗಿತ್ತರಿ.” ಅವಳು ಫೋನು ಇಟ್ಟು ಇನ್ನೊಂದು ಬರಣಿ ಮುಳುಗಿಸಿದಳು.

ಕ್ಯಾಪ್ಸೂಲುಗಳಲ್ಲಿ ಕಣಜ ಹೊರಬರತೊಡಗಿದವು. ಗಂಡು, ಗಂಡು, ಗಂಡು. ಕಾಸಿಮಸಾಬ ಬೆಳಕಿಗೆ ಹಿಡಿದು ನೋಡುವನು, ಬಿಸಿನೀರಿನ ಬಟ್ಟಲಿಗೆ ಹಾಕುವನು. ಕೊನೆಗೆ ಬೆರಳೆಣಿಕೆಯಷ್ಟು ಹೆಣ್ಣು ಸಿಕ್ಕವು. ಒಂದಕ್ಕೆ ರೆಕ್ಕೆ ಸುರುಟಿತ್ತು, ಇನ್ನೊಂದು ತತ್ತಿಯ ಮೇಲೆ ಕೂರಲೇ ಇಲ್ಲ. ಉಳಿದವು ಕೂತವು. ಸೂಜಿಯ ಮೊನೆಯಲ್ಲಿ ಜೇನು ಸವರಿ ಅವಕ್ಕೆ ಉಣಿಸಬೇಕು, ತಂಪು ಇರಬೇಕು ಆದರೆ ಚಳಿಯಾಗಬಾರದು. ತರನ್ನುಮ ಗಾಜಿನ ಕೊಳವೆಗಳನ್ನು ನೀರಿನ ಮಡಿಕೆಗೆ ಒರಗಿಸಿ ಒದ್ದೆ ಬಟ್ಟೆ ಹೊದಿಸಿದಳು. ಇಷ್ಟು ಮಾಡಿದರೂ ಒಂದಾದ ಮೇಲೊಂದು ಸತ್ತವು. ಮಗ ಹುಟ್ಟುವವರೆಗೆ ಉಳಿದದ್ದು ಒಂದೇ ತಾಯಿ. ಅದೂ ಕೊಳವೆಯ ತಳದಲ್ಲಿ ಮಗ್ಗುಲಾಗಿ ಬಿದ್ದಿತ್ತು.

ಮಗನನ್ನು ಒಳಗೆ ಬಿಡುವಾಗ ಕಾಸಿಮಸಾಬ ತೋಬಾ ತೋಬಾ ಎಂದು ಗಲ್ಲ ಮುಟ್ಟಿಕೊಂಡು ಎದ್ದು ಹೊರಗೆ ಹೋದ. ಹುಳುವಿಗೆ ಎಂಥ ಮರ್ಯಾದೆ ಎಂದು ಬೇರೆ ದಿನವಾಗಿದ್ದರೆ ಮಗಳು ನಗುತ್ತಿದ್ದಳು. ಅವತ್ತು ಅವಳು ಮಸೂರದಿಂದ ಕಣ್ಣು ತೆಗೆಯಲಿಲ್ಲ. ತಾಯಿ ಅಲುಗಲಿಲ್ಲ. ಜೇನಿನ ಸೂಜಿ ಹತ್ತಿರ ಹಿಡಿದಳು. ಏಳು ನನ್ನವ್ವಾ, ಒಂದ ಸಲ ಏಳು ಎಂದು ಗೋಗರೆದಳು. ಬಹಳ ಹೊತ್ತಿನ ಮೇಲೆ ಅದು ಕಾಲು ಆಡಿಸಿತು, ಜೇನಿನ ಕಡೆ ತೆವಳಿತು. ಮಗ ಅದರ ಸುತ್ತ ತಿರುಗುತ್ತಿದ್ದ. ತರನ್ನುಮ ಮಸೂರ ಕೆಳಗಿಟ್ಟು ಗೋಡೆಗೆ ಒರಗಿದಳು.

ಆ ತಾಯಿ ಕೆಲವೇ ತತ್ತಿ ಇಟ್ಟು ಸತ್ತಿತು. ತತ್ತಿ ಕಪ್ಪಾಯಿತು. ಕಾಯುವ ದಿನಗಳಲ್ಲಿ ನಿಡೋಣಿಯಿಂದ ಸಕ್ರವ್ವನ ಮಗ ಸುಭಾಷ ಫೋನು ಮಾಡುತ್ತಲೇ ಇದ್ದ. ತೊಗರಿ ಕಾಯಿ ಕಟ್ಟಿದೆ, ಕೀಡಿ ಬಿದ್ದಿದೆ, ಕಾರ್ಡು ಯಾವಾಗ ಎನ್ನುವನು. ಪಂಪು ತೊಳೆದಿಟ್ಟಿದ್ದಾನೆ. ಸಕ್ರವ್ವ ಮಾತ್ರ ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವವರೆಗೆ ಹೊಲಕ್ಕೆ ವಿಷ ಬೇಡ ಎಂದು ಹಟ ಹಿಡಿದಿದ್ದಳು. ಭೂಮಿತಾಯಿಗೆ ಅಡುಗೆ ಚೆಲ್ಲುವ ಹೊಲಕ್ಕೆ ಅದಕ್ಕೂ ಮೊದಲು ಎಣ್ಣೆ ಹೊಡೆಯುವುದೇ ಎಂಬುದು ಅವಳ ವಾದ. ಅಲ್ಲಿಯವರೆಗೆ ಮನೆಮಂದಿಯೆಲ್ಲ ಗಿಡದ ಬುಡಕ್ಕೆ ಚೀಲ ಹಾಸಿ, ಗಿಡ ಅಲುಗಾಡಿಸಿ, ಉದುರಿದ ಕೀಡಿ ಆರಿಸಿ ಕೋಳಿಗೆ ಹಾಕುತ್ತಿದ್ದರು. ಎಕರೆಗಟ್ಟಲೆ ತೊಗರಿಯನ್ನು ಎಷ್ಟು ದಿನ ಹಾಗೆ ಅಲುಗಾಡಿಸುತ್ತಾರೆ? ಚರಗ ಮುಗಿದ ಮರುದಿನ ಪಂಪು ಏರುವುದು ಖಂಡಿತ ಎಂದು ಸುಭಾಷ ಹೇಳಿದ್ದ.

ತತ್ತಿ ಒಡೆದ ದಿನ ತರನ್ನುಮ ಮಸೂರಕ್ಕೆ ಕಣ್ಣಿಡಲು ಹೆದರಿ ಅಪ್ಪನ ಕೈಗೆ ಕೊಟ್ಟಳು. ಕಾಸಿಮಸಾಬ ನೋಡಿದ.

“ಮೀಸಿ ತುದಿ ಗುಂಡಗ ಐತಿ ಬೇಟಿ. ಇನ್ನೊಂದರದ್ದೂ.”

ಆದರೂ ಅವಳು ನಂಬಲಿಲ್ಲ. ಹೆಣ್ಣಾದರೆ ಸಾಲದು, ತೊಗರಿಯ ಮೇಲೆ ನಡೆಯಬೇಕು. ಹಸಿ ತೊಗರಿಕಾಯಿಯೊಂದನ್ನು ಕೊಳವೆಯಲ್ಲಿಟ್ಟು ಒಂದು ಮಗಳನ್ನು ಬಿಟ್ಟಳು. ಅದು ಕಾಯಿಯ ಮೇಲೇರಿ ಅಲ್ಲೇ ನಿಂತಿತು. ಅಂಟಿಕೊಂಡಿತು ಎಂದು ತರನ್ನುಮ ಚಿಮಟಕ್ಕೆ ಕೈ ಹಾಕಿದಳು. ಅದು ಮುಂಗಾಲು ಒರೆಸಿಕೊಂಡಿತು, ಮೀಸೆ ಒರೆಸಿಕೊಂಡಿತು, ಆಮೇಲೆ ಕಾಯಿಯ ಈ ತುದಿಯಿಂದ ಆ ತುದಿಯವರೆಗೆ ಸರಸರನೆ ನಡೆದುಹೋಯಿತು. ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡು ಅತ್ತರು.

ಎಳ್ಳಮಾವಾಸ್ಯೆಯ ಹೊತ್ತಿಗೆ ಇನ್ನೆರಡು ತಲೆಮಾರು ಬೆಳೆದವು. ತಳಿಗೆಂದು ಸ್ವಲ್ಪ ಉಳಿಸಿಕೊಂಡು ಒಂದೇ ಒಂದು ಕಾರ್ಡು ಮಾಡಲು ಸಾಧ್ಯವಾಯಿತು, ಅದರಲ್ಲೂ ಅರ್ಧ ಖಾಲಿ. ಅದನ್ನು ಸೆರಗಿನಲ್ಲಿ ಹಿಡಿದು ತರನ್ನುಮ ಬಬಲೇಶ್ವರದ ಬಸ್ಸು ಹತ್ತಿ, ಅಲ್ಲಿಂದ ಟಂಟಂ ಆಟೋ ಹಿಡಿದು ನಿಡೋಣಿಗೆ ಹೋದಳು. ಹೊಲದಲ್ಲಿ ಸಜ್ಜಿ ರೊಟ್ಟಿ, ಕಡುಬು, ಪುಂಡಿಪಲ್ಯದ ಬುಟ್ಟಿ ಇಳಿಸಿದ್ದರು. ಅಮೋಘಿ ಅಡುಗೆ ಕಲಸಿ ಹೊಲದ ಸುತ್ತ ಚರಗ ಚೆಲ್ಲಿ ಬಂದಿದ್ದ. ಬದುವಿನ ಮೇಲೆ ಎಣ್ಣೆಯ ಡ್ರಮ್ಮೂ ಪಂಪೂ ಕೂತಿದ್ದವು. ಅವುಗಳಿಂದ ದೂರ ಸರಿದು ಅವಳು ಹೊಲಕ್ಕಿಳಿದಳು.

ಅರ್ಧ ಕಾರ್ಡು ನೋಡಿ ಸುಭಾಷ ತಲೆ ತಗ್ಗಿಸಿದ. ಇಷ್ಟರಿಂದ ಹೊಲ ಉಳಿಯುವುದಿಲ್ಲ ಎಂದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ನಾಳೆ ಎಣ್ಣೆ ಹೊಡೆಯುತ್ತೇನೆ ಅಕ್ಕಾ ಎಂದ. ಮುಖಕ್ಕೆ ಬಟ್ಟೆ ಬಿಗಿಯಾಗಿ ಕಟ್ಟಿಕೋ, ಗಾಳಿಗೆ ಬೆನ್ನು ಕೊಟ್ಟು ನಿಲ್ಲು, ಹಸಿದ ಹೊಟ್ಟೆಯಲ್ಲಿ ಹೋಗಬೇಡ ಎಂದು ತರನ್ನುಮ ಹೇಳಿದಳು. ಸಾದಿಕನಿಗೆ ಇದನ್ನೆಲ್ಲ ಹೇಳಲು ಯಾರೂ ಇರಲಿಲ್ಲ. ಸಕ್ರವ್ವ ಅವಳ ಕೈ ಹಿಡಿದು ಹೊಲದ ಪಡುವಣ ಮೂಲೆಗೆ ಕರೆದೊಯ್ದಳು. ಅಲ್ಲಿಯ ತೊಗರಿಗೆ ಪಂಪು ತರಬಾರದು ಎಂದು ಮಗನಿಗೆ ಆಗಲೇ ತಾಕೀತು ಮಾಡಿದ್ದಳು. ಅದು ಸಾದಿಕ ಬಿದ್ದ ಜಾಗ. ತರನ್ನುಮ ಕಾರ್ಡನ್ನು ಗಿಡದ ನಡುಕೊಂಬೆಗೆ ಕಟ್ಟಿದಳು.

“ಮುಂದಿನ ಪಂಚಮಿಗೆ ಇವನ್ನ ಕರಿಯಾಕ ಬರ್ತಿಯಲ್ಲವ್ವಾ?” ಎಂದು ಸಕ್ರವ್ವ ಕೇಳಿದಳು.

ತರನ್ನುಮ ಕಾರ್ಡಿನ ಗಂಟನ್ನು ಇನ್ನೊಮ್ಮೆ ಬಿಗಿದಳು. ಆ ಗಂಡು ಬಂದದ್ದು ಇದೇ ನೆಲದಿಂದ, ಇನ್ನೂ ಇಲ್ಲಿಯೇ ಎಲೆಯ ಮರೆಯಲ್ಲಿ ಇದೆ. ಕಾರ್ಡಿನ ಹೆಣ್ಣುಗಳು ಹುಟ್ಟುತ್ತಲೇ ಅಣ್ಣತಮ್ಮಂದಿರನ್ನು ಕೂಡಿ ಈ ಬೆಳೆಗೆ ಆದಷ್ಟು ದುಡಿಯುತ್ತವೆ. ಆದರೆ ಈ ಹೊಲದಿಂದ ಒಂದು ಎಲೆಯೂ ಇನ್ನು ಮಾಳಿಗೆ ಏರುವಂತಿಲ್ಲ. ಒಬ್ಬ ತಾಯಿಯ ಮಕ್ಕಳು ಅವಳ ಬರಣಿಯಲ್ಲಿ ಹೊಸ ರಕ್ತ ಕಾಣದೆ ಎಷ್ಟು ದಿನ ಬಾಳುತ್ತವೋ ಅಷ್ಟೇ.

“ಇಲ್ಲ ಯಕ್ಕಾ. ಕೊಟ್ಟದ್ದ ಕೊಟ್ಟಂಗ. ಇವು ಇನ್ನ ತವರಿಗೆ ಬರಬಾರದು.”

ಸಕ್ರವ್ವ ಬುಟ್ಟಿಯ ಹತ್ತಿರ ಹೋಗಿ ಒಂದು ಹಿಡಿ ಅಕ್ಕಿ, ಅರಿಷಿಣದ ಕೊಂಬು, ಒಂದು ಕಡುಬು ತಂದಳು. ತರನ್ನುಮಳ ಸೆರಗು ಹಿಡಿದು ಉಡಿ ತುಂಬತೊಡಗಿದಳು. ಗಂಡ ಸತ್ತವಳಿಗೆ ಉಡಿ ತುಂಬುವ ರೂಢಿ ನಿಡೋಣಿಯಲ್ಲಿ ಇಲ್ಲ. ಅಮೋಘಿ ದೂರದಿಂದ ನೋಡುತ್ತಿದ್ದ, ಸುಭಾಷನೂ ನೋಡುತ್ತಿದ್ದ. ಬೇಡ ಯಕ್ಕಾ ಎಂದು ತರನ್ನುಮ ಹಿಂದೆ ಸರಿದಳು. ಸಕ್ರವ್ವ ಸೆರಗು ಬಿಡಲಿಲ್ಲ.

“ಅವು ಬರಬಾರದಂದ್ರ ಬ್ಯಾಡ. ಪಂಚಮಿಗೆ ನೀ ಬಾ.”

ತರನ್ನುಮ ತುಂಬಿದ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗಂಡ ಬಿದ್ದ ಆ ನೆಲದ ಮೇಲೆ ನಿಂತಳು. ಬದುವಿನ ಕಡೆಯಿಂದ ಸುಭಾಷ ಡ್ರಮ್ಮು ಉರುಳಿಸಿಕೊಂಡು ಹೋಗುವ ಸದ್ದು ಕೇಳುತ್ತಿತ್ತು.